ಜಪಾನ್ ಪ್ರವಾಸದಲ್ಲಿ ಒನ್ಸೆನ್ ಸ್ನಾನ: ಬೆಂಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ಟೋಕಿಯೋದ ನರಿಟಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇರುವುದರಿಂದ ಜಪಾನ್ ಈಗ ನಮಗೆ ಅಷ್ಟೇನೂ ದೂರ ಅನ್ನಿಸುವುದಿಲ್ಲ. ಹೋಗುವವರ ಪಟ್ಟಿಯಲ್ಲಿ ಟೋಕಿಯೋ, ಕ್ಯೋಟೋ, ಫ್ಯೂಜಿ ಪರ್ವತ, ಬುಲೆಟ್ ರೈಲು ಇದ್ದೇ ಇರುತ್ತವೆ. ಒನ್ಸೆನ್, ಅಂದರೆ ಭೂಮಿಯೊಳಗಿಂದ ಬರುವ ಬಿಸಿನೀರಿನ ಸ್ನಾನ ಮಾತ್ರ "ಟೈಮ್ ಸಿಕ್ಕರೆ ನೋಡೋಣ" ಅನ್ನುವ ಸಾಲಿಗೆ ಹೋಗಿಬಿಡುತ್ತದೆ.

ನನ್ನ ಸಲಹೆ ಬೇರೆ. ಒನ್ಸೆನ್ ಊರಿನಲ್ಲಿ ಉಳಿಯುವ ರಾತ್ರಿಯನ್ನು ಮೊದಲು ಗೊತ್ತು ಮಾಡಿ, ಉಳಿದ ಪ್ರವಾಸವನ್ನು ಅದರ ಸುತ್ತ ಜೋಡಿಸಿ. ಎರಡು ರೈಲುಗಳ ಮಧ್ಯೆ ಸಿಗುವ ಎರಡು ಗಂಟೆಯಲ್ಲಿ ಓಡಿಹೋಗಿ ಮುಳುಗಿ ಬಂದರೆ ಇದರ ಸುಖ ಸಿಗುವುದಿಲ್ಲ. ಜೊತೆಗೆ ಊಟ, ಆರೋಗ್ಯ, ನಾಚಿಕೆ, ಒಡವೆ ಹೀಗೆ ಮೊದಲೇ ಯೋಚಿಸಬೇಕಾದ ವಿಷಯಗಳು ಇದರಲ್ಲಿ ತುಂಬಾ ಇವೆ. ಹೊರಡುವ ಮೊದಲೇ ಅವನ್ನು ಬಗೆಹರಿಸಿಕೊಂಡರೆ ಅಲ್ಲಿ ಆರಾಮಾಗಿ ಇರಬಹುದು.

ಜಪಾನಿನಲ್ಲಿ ನೂರಕ್ಕೂ ಹೆಚ್ಚು ಜೀವಂತ ಜ್ವಾಲಾಮುಖಿಗಳಿವೆ. ನೆಲದಾಳದ ಆ ಶಾಖದಿಂದಲೇ ಅಲ್ಲಿ ಇಷ್ಟೊಂದು ಬುಗ್ಗೆಗಳು. ನಮ್ಮಲ್ಲೂ ಪುತ್ತೂರು ಹತ್ತಿರ ಇರ್ದೆಯ ಬೆಂದ್ರುತೀರ್ಥದಲ್ಲಿ ಬೆಚ್ಚಗಿನ ನೀರು ಬರುತ್ತದೆ, ಹಿಮಾಚಲದ ಮಣಿಕರಣ್ ಬಗ್ಗೆಯೂ ಕೇಳಿರುತ್ತೀರಿ. ಆದರೆ ಊರಿಗೆ ಊರೇ ಬಿಸಿನೀರಿನ ಸುತ್ತ ಬೆಳೆದಿರುವುದನ್ನು ನೋಡಬೇಕಾದರೆ ಜಪಾನಿಗೇ ಹೋಗಬೇಕು. ಅಲ್ಲಿ 1948ರ ಒಂದು ಕಾಯಿದೆಯೇ ಇದೆ. ಬುಗ್ಗೆಯ ಬಾಯಲ್ಲಿ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿ ಇರಬೇಕು, ಇಲ್ಲವೇ ಪಟ್ಟಿ ಮಾಡಿದ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿ ಇರಬೇಕು. ಆಗ ಮಾತ್ರ ಅದು ಒನ್ಸೆನ್. ಸೆಂಟೋ ಅನ್ನುವುದು ಬೇರೆ. ಅದು ಬಡಾವಣೆಯ ಸಾರ್ವಜನಿಕ ಸ್ನಾನಗೃಹ, ಅಲ್ಲಿ ಸಾಮಾನ್ಯವಾಗಿ ಕಾಯಿಸಿದ ನಲ್ಲಿ ನೀರು ಇರುತ್ತದೆ.

ಹಂತ 1: ಮೊದಲು ಮನೆಯವರ ಜೊತೆ ಕೂತು ಮಾತಾಡಿ

ಸಾಂಪ್ರದಾಯಿಕ ಒನ್ಸೆನ್‌ನಲ್ಲಿ ಈಜುಡುಗೆ ಹಾಕುವಂತಿಲ್ಲ. ಬಟ್ಟೆ ಪೂರ್ತಿ ತೆಗೆದೇ ನೀರಿಗೆ ಇಳಿಯಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಜಾಗ ಇರುತ್ತದೆ, ನಿಜ. ಆದರೂ ಅತ್ತೆ ಸೊಸೆ ಒಂದೇ ಕೊಳದಲ್ಲಿ, ಅಪ್ಪ ಮಗ ಒಂದೇ ಕೊಳದಲ್ಲಿ ಅಂದರೆ ನಮ್ಮ ಮನೆಗಳಲ್ಲಿ ಅದು ಸಣ್ಣ ವಿಷಯ ಅಲ್ಲ. ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಯಾರೋ ಒಬ್ಬರು ಮುಖ ಸಣ್ಣ ಮಾಡಿಕೊಂಡು ರೂಮಿನಲ್ಲೇ ಉಳಿಯುತ್ತಾರೆ. ಮನೆಯಲ್ಲೇ ಬಿಡಿಸಿ ಹೇಳಿ. ಯಾರನ್ನೂ ಬಲವಂತ ಮಾಡಬೇಡಿ, ದಾರಿಗಳು ಬೇಕಾದಷ್ಟಿವೆ.

ಒಂದು ದಾರಿ ಖಾಸಗಿ ಸ್ನಾನ. ಇದಕ್ಕೆ ಕಾಶಿಕಿರಿ ಅನ್ನುತ್ತಾರೆ. ಒಂದು ಸಣ್ಣ ಕೊಳವನ್ನು ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ನಿಮಗೆ ಮಾತ್ರ ಬಿಟ್ಟುಕೊಡುತ್ತಾರೆ. ಒಳಗಿಂದ ಚಿಲಕ ಹಾಕಿಕೊಳ್ಳಬಹುದು. ಕೆಲವು ಕಡೆ ಇದು ಉಚಿತ, ಕೆಲವು ಕಡೆ ಬೇರೆ ದುಡ್ಡು. ಗಂಡ ಹೆಂಡತಿಗೆ, ಸಣ್ಣ ಮಕ್ಕಳಿರುವವರಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಇನ್ನೊಂದು, ರೂಮಿನ ಬಾಲ್ಕನಿಯಲ್ಲೇ ಬಿಸಿನೀರಿನ ತೊಟ್ಟಿ ಇರುವ ಕೊಠಡಿ. ಬೆಲೆ ಜಾಸ್ತಿ, ಆದರೆ ಯಾವ ಮುಜುಗರವೂ ಇಲ್ಲ. ಈಜುಡುಗೆ ಹಾಕಿಕೊಂಡು ಎಲ್ಲರೂ ಒಟ್ಟಿಗೇ ಇರಬೇಕು ಅನ್ನುವವರಿಗೆ ಟೋಕಿಯೋ ಹತ್ತಿರದ ಹಾಕೋನೆಯಲ್ಲಿ ಯುನೆಸ್ಸುನ್ ಅನ್ನುವ ದೊಡ್ಡ ಸ್ನಾನದ ಪಾರ್ಕ್ ಇದೆ. ಅದು ಮಕ್ಕಳಿಗೆ ಖುಷಿ, ಆದರೆ ಒನ್ಸೆನ್ ಊರಿನ ಶಾಂತಿ ಅಲ್ಲಿ ಸಿಗುವುದಿಲ್ಲ. ಏನೂ ಬೇಡ ಅನ್ನುವ ಹಿರಿಯರಿಗೆ ಆಶಿಯು ಇದೆ. ಪ್ಯಾಂಟ್ ಅಥವಾ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ಅನೇಕ ಊರುಗಳಲ್ಲಿ ರಸ್ತೆ ಬದಿಯಲ್ಲೇ, ಉಚಿತವಾಗಿ ಸಿಗುತ್ತದೆ. ದಿನವಿಡೀ ನಡೆದ ಕಾಲಿಗೆ ಇಷ್ಟೇ ಸಾಕು ಅನ್ನಿಸಿದರೂ ತಪ್ಪಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಸುಮಾರು 7 ವರ್ಷ ದಾಟಿದ ಗಂಡುಮಗುವನ್ನು ಅಮ್ಮ ಹೆಂಗಸರ ಕಡೆಗೆ ಕರೆದುಕೊಂಡು ಹೋಗಲು ಸಾಮಾನ್ಯವಾಗಿ ಬಿಡುವುದಿಲ್ಲ. ಹೆಣ್ಣುಮಗು ಮತ್ತು ಅಪ್ಪನಿಗೂ ಇದೇ ಲೆಕ್ಕ. ಒಬ್ಬರೇ ಮಗುವಿನ ಜೊತೆ ಹೋಗುತ್ತಿದ್ದರೆ ಖಾಸಗಿ ಸ್ನಾನವನ್ನೇ ಬುಕ್ ಮಾಡಿ.

ಈಗ ಹಚ್ಚೆಯ ವಿಷಯ. ಜಪಾನಿನಲ್ಲಿ ಹಚ್ಚೆಗೂ ಅಪರಾಧಿ ಗುಂಪುಗಳಿಗೂ ನಂಟು ಕಲ್ಪಿಸುವುದು ಹಳೆಯ ಅಭ್ಯಾಸ. 2015ರಲ್ಲಿ ಅಲ್ಲಿನ ಪ್ರವಾಸೋದ್ಯಮ ಇಲಾಖೆ ವಸತಿಗೃಹಗಳನ್ನು ಕೇಳಿದಾಗ ಸುಮಾರು 56 ಶೇಕಡಾ ಹಚ್ಚೆ ಇರುವವರನ್ನು ಸ್ನಾನಕ್ಕೆ ಬಿಡುವುದಿಲ್ಲ ಅಂದವು. ಸುಮಾರು 31 ಶೇಕಡಾ ಬಿಡುತ್ತೇವೆ ಅಂದವು, 13 ಶೇಕಡಾ ಮುಚ್ಚಿಕೊಂಡರೆ ಸರಿ ಅಂದವು. ತೋಳಿನ ಮೇಲಿನ ಹೊಸ ಟ್ಯಾಟೂ ಅಷ್ಟೇ ಅಲ್ಲ, ಅಜ್ಜಿಯ ಮುಂಗೈ ಮೇಲಿರುವ ಹಳೆಯ ಹಸಿರು ಹಚ್ಚೆಯೂ ಅವರ ಕಣ್ಣಿಗೆ ಒಂದೇ. ಮದುವೆ ಮುಗಿಸಿ ನೇರ ಹೊರಟವರ ಕೈ ಮೇಲಿನ ಮದರಂಗಿಯನ್ನೂ ಟ್ಯಾಟೂ ಅಂದುಕೊಳ್ಳಬಹುದು. ಸಣ್ಣದಾದರೆ ಮೈಬಣ್ಣದ ಸ್ಟಿಕ್ಕರ್ ಅಂಟಿಸಬಹುದು. ದೊಡ್ಡದಾದರೆ ಮೊದಲೇ ಮೇಲ್ ಮಾಡಿ ಕೇಳಿ, ಇಲ್ಲವೇ ಖಾಸಗಿ ಸ್ನಾನ ತೆಗೆದುಕೊಳ್ಳಿ.

ಹಂತ 2: ಊರು ಆರಿಸಿ

ಎಲ್ಲ ಒನ್ಸೆನ್ ಊರುಗಳೂ ಒಂದೇ ಥರ ಇರುವುದಿಲ್ಲ. ನೀರೇ ಬೇರೆ, ಊರಿನ ಗತ್ತೇ ಬೇರೆ.

ಟೋಕಿಯೋದಿಂದ ಸುಲಭ ಅಂದರೆ ಹಾಕೋನೆ. ಶಿಂಜುಕು ಸ್ಟೇಷನ್‌ನಿಂದ ಒಡಾಕ್ಯು ಕಂಪನಿಯ ರೊಮಾನ್ಸ್‌ಕಾರ್ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಹಾಕೋನೆ-ಯುಮೋಟೋ. ಹಾಕೋನೆ ಫ್ರೀಪಾಸ್ ಅನ್ನುವ ಟಿಕೆಟ್ ತೆಗೆದುಕೊಂಡರೆ ಬೆಟ್ಟದ ರೈಲು, ರೋಪ್‌ವೇ, ಆಶಿ ಸರೋವರದ ಹಡಗು ಎಲ್ಲ ಅದರಲ್ಲೇ ಬರುತ್ತವೆ. ಅಲ್ಲಿನ ಓವಾಕುದಾನಿ ಅನ್ನುವ ಕಡೆ ನೆಲ ಸೀಳಿ ಗಂಧಕದ ಹೊಗೆ ಬರುವುದನ್ನು ನೋಡಬಹುದು. ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದ್ದರೆ ಅಲ್ಲಿ ಇಳಿಯಬೇಡಿ. ಮೊದಲ ಸಲ ಹೋಗುವ ಕುಟುಂಬಕ್ಕೆ ಹಾಕೋನೆ ಒಳ್ಳೆಯ ಆಯ್ಕೆ, ಆದರೆ ಶನಿವಾರ ಭಾನುವಾರ ಜನ ತುಂಬಿರುತ್ತಾರೆ.

ನನಗೆ ಮನಸ್ಸಿಗೆ ಹತ್ತಿರ ಕುಸಾತ್ಸು. ಊರಿನ ನಡುವೆಯೇ ಯುಬಾತಾಕೆ ಅನ್ನುವ ಬಿಸಿನೀರಿನ ಅಂಗಳ. ಮರದ ಕಾಲುವೆಗಳಲ್ಲಿ ನೀರು ಹರಿಯುತ್ತಾ ಆರುತ್ತದೆ, ಇಡೀ ಚೌಕದಲ್ಲಿ ಹಬೆ. ನೀರು ಮೈಗೆ ತಾಳಲಾರದಷ್ಟು ಬಿಸಿ. ತಣ್ಣೀರು ಬೆರೆಸಿದರೆ ಖನಿಜ ತೆಳುವಾಗುತ್ತದೆ ಅಂತ, ಉದ್ದನೆಯ ಹಲಗೆಗಳಿಂದ ನೀರನ್ನು ಮಗುಚಿ ಮಗುಚಿ ತಣಿಸುತ್ತಾರೆ. ಹಾಡು ಹೇಳುತ್ತಾ ಮಾಡುವ ಈ ಕೆಲಸಕ್ಕೆ ಯುಮೋಮಿ ಅಂತ ಹೆಸರು, ಪ್ರವಾಸಿಗರಿಗೆ ಅದರ ಪ್ರದರ್ಶನವೂ ಇದೆ. ನೀರಿನ ಪಿಎಚ್ ಸುಮಾರು 2, ಅಂದರೆ ತುಂಬಾ ಆಮ್ಲೀಯ. ಗಾಯ ಇದ್ದರೆ ಚುರುಗುಟ್ಟುತ್ತದೆ. ಟೋಕಿಯೋದ ಉಎನೋ ಸ್ಟೇಷನ್‌ನಿಂದ ನಾಗಾನೋಹಾರಾ-ಕುಸಾತ್ಸುಗುಚಿಗೆ ಎಕ್ಸ್‌ಪ್ರೆಸ್ ರೈಲು, ಅಲ್ಲಿಂದ ಬಸ್. ಒಟ್ಟು ಮೂರು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ.

ಕ್ಯೋಟೋ ಕಡೆ ಇರುವವರಿಗೆ ಕಿನೋಸಾಕಿ. ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಕಾಲುವೆ, ಅದರ ಎರಡೂ ದಡದಲ್ಲಿ ಮರಗಳು, ಹಲವು ಸಾರ್ವಜನಿಕ ಸ್ನಾನಗೃಹಗಳು. ಊರಲ್ಲಿ ಉಳಿದವರಿಗೆ ಎಲ್ಲದಕ್ಕೂ ಪಾಸ್ ಸಿಗುತ್ತದೆ. ಯುಕಾತಾ ಅನ್ನುವ ತೆಳು ಹತ್ತಿ ನಿಲುವಂಗಿ ಉಟ್ಟು, ಮರದ ಚಪ್ಪಲಿ ಟಕ್ ಟಕ್ ಅನ್ನಿಸುತ್ತಾ ಒಂದರಿಂದ ಇನ್ನೊಂದಕ್ಕೆ ನಡೆಯುವುದೇ ಅಲ್ಲಿನ ಸಂಜೆ. ಈ ಸಾರ್ವಜನಿಕ ಸ್ನಾನಗೃಹಗಳಲ್ಲಿ ಹಚ್ಚೆಗೆ ತಕರಾರಿಲ್ಲ. ವಾರದ ರಜೆ ಒಂದೊಂದಕ್ಕೆ ಒಂದೊಂದು ದಿನ, ಅದನ್ನು ನೋಡಿಕೊಂಡು ಹೋಗಿ.

ಒಸಾಕಾ, ಕೋಬೆಯಿಂದ ಹತ್ತಿರ ಅಂದರೆ ಅರಿಮಾ. ಕಬ್ಬಿಣದ ಅಂಶದಿಂದ ಕೆಂಪು ಬಣ್ಣಕ್ಕೆ ತಿರುಗಿದ ನೀರು, ಬಿಳಿ ಟವೆಲ್‌ಗೆ ಕಲೆ ಬೀಳುತ್ತದೆ. ಕ್ಯೂಶು ದ್ವೀಪದ ಬೆಪ್ಪು ದೂರ, ಆದರೆ ಅಲ್ಲಿ 2,000ಕ್ಕೂ ಹೆಚ್ಚು ಬುಗ್ಗೆಗಳಿವೆ. 'ನರಕ'ಗಳು ಅಂತ ಕರೆಯುವ ಕುದಿಯುವ ಕೊಳಗಳು ನೋಡಲು ಮಾತ್ರ. ಬೆಪ್ಪುವಿನ ಕನ್ನಾವಾದಲ್ಲಿ ಭೂಮಿಯ ಹಬೆಯಲ್ಲೇ ತರಕಾರಿ ಬೇಯಿಸಿಕೊಳ್ಳುವ ಒಲೆಗಳು ಬಾಡಿಗೆಗೆ ಸಿಗುತ್ತವೆ. ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿಯ ಊಟ ಇನ್ನೇನು ಬೇಕು? ಕುಂಬಳ, ಗೆಣಸು, ಜೋಳ, ಜೊತೆಗೆ ಬ್ಯಾಗಿನಲ್ಲಿ ಒಯ್ದ ಚಟ್ನಿಪುಡಿ.

ಹಂತ 3: ದಿನ ಮತ್ತು ವೀಸಾ

ಡಿಸೆಂಬರ್‌ನಿಂದ ಫೆಬ್ರವರಿ ನನ್ನ ಆಯ್ಕೆ. ಹೊರಗೆ ಹಿಮ, ನೀವು ಕುತ್ತಿಗೆವರೆಗೆ ಬಿಸಿನೀರಿನಲ್ಲಿ. ಬೆಂಗಳೂರಿನ ಚಳಿಗೆ ಒಗ್ಗಿದ ಮೈಗೆ ಸೊನ್ನೆ ಡಿಗ್ರಿ ಕಷ್ಟವೇ, ಆದರೆ ಬಯಲು ಕೊಳದ ಬೆಲೆ ಗೊತ್ತಾಗುವುದು ಆಗಲೇ. ನವೆಂಬರ್‌ನ ಕೆಂಪೆಲೆ ಕಾಲವೂ ಚೆನ್ನ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಆಗಸ್ಟ್ ನಡುಭಾಗ, ಹೊಸ ವರ್ಷದ ದಿನಗಳು ಬೇಡ. ಜಪಾನಿಗರೆಲ್ಲ ರಜೆಯಲ್ಲಿರುತ್ತಾರೆ, ರೂಮೂ ಸಿಗುವುದಿಲ್ಲ, ರೇಟೂ ಏರಿರುತ್ತದೆ. ಭಾನುವಾರದಿಂದ ಗುರುವಾರದ ಒಳಗಿನ ರಾತ್ರಿ ಹುಡುಕಿ.

ವಿಮಾನ ಇಳಿದ ದಿನವೇ ಒನ್ಸೆನ್‌ಗೆ ಹೋಗಬೇಡಿ. ನಿದ್ದೆ ಕೆಟ್ಟಿರುತ್ತದೆ, ಮೈಯಲ್ಲಿ ನೀರು ಕಡಿಮೆ ಇರುತ್ತದೆ. ವಾಪಸ್ ವಿಮಾನದ ಹಿಂದಿನ ರಾತ್ರಿಯೂ ಬೇಡ, ಬೆಟ್ಟದ ಬಸ್ ತಪ್ಪಿದರೆ ಪೇಚಾಟ. ಪ್ರವಾಸದ ನಡುವೆ, ನಾಲ್ಕೈದು ದಿನ ಸುತ್ತಿ ಕಾಲು ಸೋತ ಮೇಲೆ ಸರಿಯಾದ ಸಮಯ. ಸಾಧ್ಯವಾದರೆ ಎರಡು ರಾತ್ರಿ ಇರಿ. ಮಧ್ಯಾಹ್ನ 3ಕ್ಕೆ ಚೆಕ್-ಇನ್, ಬೆಳಿಗ್ಗೆ 10ಕ್ಕೆ ಚೆಕ್-ಔಟ್ ಅನ್ನುವ ಕಡೆ ಒಂದೇ ರಾತ್ರಿ ಬೇಗ ಮುಗಿದುಹೋಗುತ್ತದೆ.

2024ರ ಏಪ್ರಿಲ್‌ನಿಂದ ಭಾರತದಲ್ಲಿರುವವರಿಗೆ ಪ್ರವಾಸಿ ಇ-ವೀಸಾ ಸಿಗುತ್ತಿದೆ. ಅರ್ಜಿಯನ್ನು ವೀಸಾ ಕೇಂದ್ರದ ಮೂಲಕ ಕೊಡಬೇಕು, ಬೆಂಗಳೂರಿನಲ್ಲೂ ಕೇಂದ್ರ ಇದೆ. ವಿಮಾನ ನಿಲ್ದಾಣದಲ್ಲಿ ವೀಸಾವನ್ನು ಫೋನಿನಲ್ಲಿ ಇಂಟರ್ನೆಟ್ ಮೂಲಕವೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಾಗಾಗಿ ಇ-ಸಿಮ್ ಅಥವಾ ರೋಮಿಂಗ್ ಮೊದಲೇ ಹಾಕಿಸಿಕೊಳ್ಳಿ.

ಹಂತ 4: ರ್ಯೋಕಾನ್ ಬುಕ್ ಮಾಡುವಾಗ

ರ್ಯೋಕಾನ್ ಅಂದರೆ ಸಾಂಪ್ರದಾಯಿಕ ಜಪಾನಿ ವಸತಿಗೃಹ. ಚಾಪೆ ಹಾಸಿದ ಕೋಣೆ, ನೆಲದ ಮೇಲೆ ಹಾಸಿಗೆ. ಮಂಡಿನೋವು ಇರುವವರಿದ್ದರೆ ಮಂಚ ಇರುವ ಕೋಣೆ ಕೇಳಿ. ರೇಟು ಸಾಮಾನ್ಯವಾಗಿ ಕೋಣೆಗಲ್ಲ, ತಲೆಗೆ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಮಧ್ಯಮ ದರ್ಜೆಯಲ್ಲಿ ತಲೆಗೆ 15,000ದಿಂದ 30,000 ಯೆನ್ ಬೀಳುತ್ತದೆ. ಹೋಟೆಲ್ ಸೈಟಿನಲ್ಲಿ ನೋಡಿದ ಬೆಲೆ ಇಬ್ಬರಿಗೋ ಒಬ್ಬರಿಗೋ ಅನ್ನುವುದನ್ನು ಎರಡು ಸಲ ಓದಿ. ಇದರ ಮೇಲೆ ಸ್ನಾನದ ತೆರಿಗೆ ಅಂತ ಹೆಚ್ಚಿನ ಊರುಗಳಲ್ಲಿ ದೊಡ್ಡವರಿಗೆ ರಾತ್ರಿಗೆ 150 ಯೆನ್ ಇರುತ್ತದೆ.

ಇಷ್ಟು ಖರ್ಚು ಬೇಡ ಅನ್ನುವವರು ಹಗಲಿನ ಸ್ನಾನಕ್ಕೆ ಮಾತ್ರ ಹೋಗಬಹುದು. ಕೆಲವು ನೂರು ಯೆನ್‌ನಿಂದ ಎರಡು ಸಾವಿರದವರೆಗೆ ಆಗುತ್ತದೆ. ಕೊನೆಯ ಪ್ರವೇಶದ ಸಮಯ ಮುಂಚೆಯೇ ಮುಗಿಯುತ್ತದೆ, ಅದನ್ನು ನೋಡಿಕೊಳ್ಳಿ.

ಊಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಜಪಾನಿ ಅಡುಗೆಯ ಬುಡವೇ ದಾಶಿ ಅನ್ನುವ ಕಟ್ಟು. ಅದನ್ನು ಹೆಚ್ಚಾಗಿ ಒಣಗಿಸಿದ ಮೀನಿನ ಚಕ್ಕೆಯಿಂದ ಮಾಡುತ್ತಾರೆ. ಮಿಸೋ ಸೂಪ್, ಬೇಯಿಸಿದ ತರಕಾರಿ, ತೋಫುವಿನ ಮೇಲಿನ ಸಾರು ಎಲ್ಲದರಲ್ಲೂ ಅದು ಇರಬಹುದು. "ವೆಜಿಟೇರಿಯನ್" ಅಂದರೆ ಮಾಂಸ ತೆಗೆದು ಮೀನು ಬಡಿಸಿಬಿಡುವುದೂ ಉಂಟು. ಆದ್ದರಿಂದ ಬುಕ್ ಮಾಡುವಾಗಲೇ ಬರೆಯಿರಿ: ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿ ಬೇಡ, ಮೊಟ್ಟೆ ಆಗುತ್ತದೋ ಇಲ್ಲವೋ. ಬೆಳ್ಳುಳ್ಳಿ ಈರುಳ್ಳಿ ತಿನ್ನದವರು ಅದನ್ನೂ ಸೇರಿಸಿ. ಹೋದ ಮೇಲೆ ಹೇಳಿದರೆ ಅವರು ಏನೂ ಮಾಡಲಾರರು. ಹಲವು ಬಗೆಯ ಆ ಊಟದ ತಯಾರಿ ಮುಂಚೆಯೇ ಶುರುವಾಗಿರುತ್ತದೆ.

ಆಗುವುದಿಲ್ಲ ಅಂತ ಉತ್ತರ ಬಂದರೆ ಬೇಸರ ಬೇಡ. ಸುದೋಮಾರಿ ಅಂದರೆ ಊಟ ಇಲ್ಲದ ದರ, ಅದನ್ನು ತೆಗೆದುಕೊಳ್ಳಿ. ದೊಡ್ಡ ಊರಿನಿಂದಲೇ ಹಣ್ಣು, ಬ್ರೆಡ್, ಮೊಸರು ಕಟ್ಟಿಕೊಂಡು ಹೋಗಿ. ಎಂಟಿಆರ್‌ನ ರೆಡಿ ಬಿಸಿಬೇಳೆಬಾತ್, ಉಪ್ಪಿಟ್ಟಿನ ಪೊಟ್ಟಣ ನಮ್ಮೂರಿನವರ ಸೂಟ್‌ಕೇಸಿನಲ್ಲಿ ಇದ್ದೇ ಇರುತ್ತವಲ್ವಾ? ಬಿಸಿನೀರಿನ ಕೆಟಲ್ ಹೆಚ್ಚಿನ ಕೋಣೆಗಳಲ್ಲಿ ಇರುತ್ತದೆ. ಇನ್ನೊಂದು ದಾರಿ ಕೋಯಾಸಾನ್ ಬೆಟ್ಟದ ಬೌದ್ಧ ಮಂದಿರಗಳು. ಅಲ್ಲಿ ಉಳಿದವರಿಗೆ ಪೂರ್ತಿ ಸಸ್ಯಾಹಾರದ ಶೋಜಿನ್ ಊಟ ಬಡಿಸುತ್ತಾರೆ. ಅವುಗಳಲ್ಲಿ ಫುಕುಚಿ-ಇನ್ ಅನ್ನುವ ಮಂದಿರದಲ್ಲಿ ಒನ್ಸೆನ್ ಕೂಡ ಇದೆ.

ಹಂತ 5: ಆರೋಗ್ಯ ನೋಡಿಕೊಳ್ಳಿ

ಕೊಳದ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ರಕ್ತದೊತ್ತಡ ಇಳಿಯುತ್ತದೆ. ಥಟ್ಟನೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಚಳಿಗಾಲದಲ್ಲಿ ತಣ್ಣನೆಯ ಕೋಣೆಯಿಂದ ನೇರ ಬಿಸಿನೀರಿಗೆ ಇಳಿಯುವುದು ಹೃದಯಕ್ಕೂ ಭಾರ. ಬಿಪಿ, ಹೃದಯದ ತೊಂದರೆ ಇರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಗರ್ಭಿಣಿಯರೂ ಕೇಳಿಕೊಂಡೇ ಹೋಗಿ.

ಸಕ್ಕರೆ ಕಾಯಿಲೆ ಇರುವವರಿಗೆ ಎರಡು ಮಾತು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ನೀರು ಸುಡುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ, ಕೈಯಿಂದ ಮುಟ್ಟಿ ನೋಡಿ ಇಳಿಯಿರಿ. ಇನ್ಸುಲಿನ್ ತೆಗೆದುಕೊಂಡ ತಕ್ಷಣ ಬಿಸಿನೀರಿಗೆ ಇಳಿದರೆ ಅದು ಬೇಗ ರಕ್ತಕ್ಕೆ ಸೇರಿ ಸಕ್ಕರೆ ಕುಸಿಯಬಹುದು. ಹಿರಿಯರು ಯಾರೂ ಒಬ್ಬರೇ ಹೋಗುವುದು ಬೇಡ.

ಎಲ್ಲರಿಗೂ ಅನ್ವಯಿಸುವ ನಿಯಮಗಳು ಸರಳ. ಜ್ವರ ಇದ್ದರೆ ಬೇಡ. ಕುಡಿದು ಇಳಿಯಬೇಡಿ. ಊಟ ಆದ ಕೂಡಲೇ ಬೇಡ. ಅದೇ ದಿನ ಶೇವ್ ಅಥವಾ ವ್ಯಾಕ್ಸ್ ಮಾಡಿಸಿಕೊಂಡು ಆಮ್ಲೀಯ ನೀರಿಗೆ ಇಳಿಯಬೇಡಿ. ಮುಟ್ಟಿನ ದಿನಗಳಲ್ಲಿ ಸಾರ್ವಜನಿಕ ಕೊಳ ಬಿಟ್ಟು ಆಶಿಯುಗೆ ಹೋಗಬಹುದು.

ಹಂತ 6: ಒಡವೆ ಮತ್ತು ಬ್ಯಾಗು

ಗಂಧಕದ ನೀರು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಕಾಲುಂಗುರ, ಗೆಜ್ಜೆ, ಬೆಳ್ಳಿ ಉಡಿದಾರ ಎಲ್ಲಕ್ಕೂ ಇದು ತಾಗುತ್ತದೆ. ಕಾಲುಂಗುರ ಬಿಗಿಯಾಗಿ ಕೂತಿದ್ದರೆ ಬೆಂಗಳೂರಿನಲ್ಲೇ ಸಡಿಲ ಮಾಡಿಸಿಕೊಂಡು ಹೊರಡಿ. ಮಾಂಗಲ್ಯ ತೆಗೆಯಲು ಮನಸ್ಸಿಲ್ಲದವರು ಗಂಧಕ, ಆಮ್ಲ ಇಲ್ಲದ ಸೌಮ್ಯ ನೀರಿನ ಒನ್ಸೆನ್ ಹುಡುಕಿ. ಅದಕ್ಕೆ ತಾಂಜುನ್‌ಸೆನ್ ಅನ್ನುತ್ತಾರೆ, ವಯಸ್ಸಾದವರಿಗೂ ಅದು ಹಿತ.

ದೊಡ್ಡ ಸೂಟ್‌ಕೇಸ್ ಬೆಟ್ಟದ ಊರಿಗೆ ಎಳೆಯಬೇಡಿ. ತಕ್ಕ್ಯೂಬಿನ್ ಅನ್ನುವ ಸಾಮಾನು ಸಾಗಣೆ ಸೇವೆ ಇದೆ. ಟೋಕಿಯೋ ಹೋಟೆಲಿನ ಕೌಂಟರಿನಲ್ಲಿ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಮುಂದಿನ ಹೋಟೆಲಿಗೆ ತಲುಪಿರುತ್ತದೆ. ಕೈಯಲ್ಲಿ ಒಂದು ರಾತ್ರಿಯ ಬಟ್ಟೆ, ಮಾತ್ರೆಗಳು, ಕೂದಲು ಕಟ್ಟಲು ರಬ್ಬರ್ ಬ್ಯಾಂಡ್, ಸ್ವಲ್ಪ ನಗದು ಯೆನ್ ಇದ್ದರೆ ಸಾಕು. ರ್ಯೋಕಾನ್‌ನಲ್ಲಿ ಟವೆಲ್, ಯುಕಾತಾ, ಸೋಪು, ಶಾಂಪೂ ಕೊಡುತ್ತಾರೆ. ಸಾರ್ವಜನಿಕ ಸ್ನಾನಗೃಹಕ್ಕೆ ಹೋಗುವುದಾದರೆ ಮಾತ್ರ ಇವನ್ನು ಜೊತೆಗೆ ಒಯ್ಯಿರಿ.

ಹಂತ 7: ಸ್ನಾನ

ಕೋಣೆಯಲ್ಲಿ ಟೀ ಕುಡಿದು, ಒಂದು ಲೋಟ ನೀರು ಕುಡಿದು ಹೊರಡಿ. ಯುಕಾತಾ ಉಡುವಾಗ ಎಡ ಸೆರಗು ಬಲದ ಮೇಲೆ ಬರಬೇಕು. ಬಲ ಸೆರಗು ಮೇಲೆ ಬರುವಂತೆ ಅಲ್ಲಿ ಹೆಣಕ್ಕೆ ಉಡಿಸುತ್ತಾರೆ.

ಬಾಗಿಲಲ್ಲಿ ಬಟ್ಟೆಯ ಪರದೆ ಇರುತ್ತದೆ. ಸಾಮಾನ್ಯವಾಗಿ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಬಣ್ಣ ಮಾತ್ರ ನಂಬಬೇಡಿ, ಅಕ್ಷರ ಯಾವುದು ಅಂತ ಕೌಂಟರಿನಲ್ಲಿ ಕೇಳಿ ಬರೆಸಿಕೊಳ್ಳಿ. ಚಪ್ಪಲಿ ಹೊರಗೆ. ಫೋನ್ ಕೋಣೆಯಲ್ಲೇ ಬಿಡಿ, ಬಟ್ಟೆ ಬದಲಿಸುವ ಜಾಗದಲ್ಲೂ ಅದನ್ನು ತೆಗೆಯುವಂತಿಲ್ಲ. ಬಟ್ಟೆಯೆಲ್ಲ ಬುಟ್ಟಿಗೆ ಹಾಕಿ, ಸಣ್ಣ ಟವೆಲ್ ಮಾತ್ರ ಹಿಡಿದು ಒಳಗೆ ಹೋಗಿ. ಮೊದಲ ಒಂದೆರಡು ನಿಮಿಷ ಮುಜುಗರ ಆಗುತ್ತದೆ. ಯಾರೂ ನಿಮ್ಮನ್ನು ನೋಡುವುದಿಲ್ಲ, ನೀವೂ ಯಾರನ್ನೂ ನೋಡಬೇಡಿ.

ಈಗ ಎಲ್ಲಕ್ಕಿಂತ ಮುಖ್ಯ ಭಾಗ: ಮೈ ತೊಳೆಯುವುದು ಕೊಳದ ಹೊರಗೆ. ಗೋಡೆಯ ಪಕ್ಕ ಸಣ್ಣ ಸ್ಟೂಲು, ಶವರ್, ಬಕೆಟ್ಟು ಇರುತ್ತವೆ. ಕೂತುಕೊಂಡೇ ತಲೆಯಿಂದ ಕಾಲಿನವರೆಗೆ ಸೋಪು ಹಾಕಿ ತೊಳೆಯಿರಿ. ನಿಂತರೆ ಪಕ್ಕದವರಿಗೆ ನೀರು ಹಾರುತ್ತದೆ. ತಲೆಗೆ ಎಣ್ಣೆ ಹಚ್ಚಿದ್ದರೆ ಶಾಂಪೂ ಎರಡು ಸಲ. ನೊರೆ ಒಂದು ಚೂರೂ ಉಳಿಯಬಾರದು. ಸ್ಟೂಲನ್ನೂ ತೊಳೆದು ಮುಂದಿನವರಿಗೆ ಬಿಡಿ. ಆ ನೀರಿನಲ್ಲಿ ಹತ್ತಾರು ಜನ ಕೂರುತ್ತಾರೆ, ಅದು ಶುದ್ಧವಾಗಿರುವುದು ಎಲ್ಲರೂ ಈ ನಿಯಮ ಪಾಲಿಸುವುದರಿಂದಲೇ.

ನಂತರ ಕಾಕೆಯು. ಕೊಳದ ನೀರನ್ನು ಮೊಗೆದು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲು, ಸೊಂಟ, ಭುಜಕ್ಕೆ ಹಾಕಿಕೊಳ್ಳಿ. ಮೈ ಬಿಸಿಗೆ ಹೊಂದಿಕೊಳ್ಳುತ್ತದೆ. ಕೂದಲು ಮೇಲೆ ಕಟ್ಟಿ, ನಿಧಾನವಾಗಿ ಇಳಿಯಿರಿ. ಟವೆಲ್ ನೀರಿಗೆ ತಾಗಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ಳಿ ಅಥವಾ ಕಲ್ಲಿನ ಮೇಲಿಡಿ. ಈಜಬೇಡಿ, ಮುಳುಗಬೇಡಿ, ಜೋರಾಗಿ ಹರಟಬೇಡಿ.

ಮೊದಲ ಸಲ 5 ನಿಮಿಷ ಸಾಕು. ಹೊರಗೆ ಬಂದು ಕಲ್ಲಿನ ಮೇಲೆ ಕೂತು ಆರಿಸಿಕೊಳ್ಳಿ, ಮತ್ತೆ ಇಳಿಯಿರಿ. ಒಂದೇ ಉಸಿರಿಗೆ ಅರ್ಧ ಗಂಟೆ ಕೂರುವುದಕ್ಕಿಂತ ಹೀಗೆ ಎರಡು ಮೂರು ಸಲ ಇಳಿದು ಹತ್ತುವುದರಲ್ಲೇ ಸುಖ ಜಾಸ್ತಿ. ಒಳಗಿನ ಕೊಳದಲ್ಲಿ ಶುರು ಮಾಡಿ, ರೋತೆನ್‌ಬುರೋಗೆ, ಅಂದರೆ ಬಯಲು ಕೊಳಕ್ಕೆ ಆಮೇಲೆ ಹೋಗಿ. ಎದೆ ಬಡಿತ ಜೋರಾದರೆ, ತಲೆ ಹಗುರ ಅನ್ನಿಸಿದರೆ ಆಗಲೇ ಹೊರಗೆ ಬಂದು ಕೂತುಕೊಳ್ಳಿ.

ಮುಗಿದ ಮೇಲೆ ಸಣ್ಣ ಟವೆಲ್ಲಿನಿಂದ ಮೈ ಒರೆಸಿಕೊಂಡೇ ಬಟ್ಟೆಯ ಕೋಣೆಗೆ ಕಾಲಿಡಿ. ಖನಿಜ ಮೈಮೇಲೆ ಉಳಿಯಲಿ ಅಂತ ಮತ್ತೆ ಶವರ್ ಮಾಡುವುದಿಲ್ಲ. ನೀರು ತುಂಬಾ ಆಮ್ಲೀಯವಾಗಿದ್ದರೆ, ನಿಮ್ಮ ಚರ್ಮ ಸೂಕ್ಷ್ಮವಾಗಿದ್ದರೆ ಮಾತ್ರ ಸಾದಾ ನೀರು ಹಾಕಿಕೊಳ್ಳಿ. ನೀರು ಕುಡಿಯಿರಿ, ಅಲ್ಲಿನವರಂತೆ ಬಾಟಲಿ ಹಾಲೂ ಕುಡಿಯಬಹುದು. ಆಮೇಲೆ ಹಬ್ಬದ ಎಣ್ಣೆಸ್ನಾನ ಆದ ಮೇಲೆ ಮಾಡುವಂತೆ ಅರ್ಧ ಗಂಟೆ ಸುಮ್ನೆ ಮಲಗಿ. ಊಟದ ಸಮಯ 6 ಅಥವಾ 7 ಗಂಟೆಗೆ ಇರುತ್ತದೆ, ಅದನ್ನು ತಪ್ಪಿಸಬಾರದು. ಹಾಗಾಗಿ ಊರಿಗೆ 3 ಗಂಟೆಗೇ ತಲುಪಿದರೆ ಒಳ್ಳೆಯದು.

ಬೆಳಿಗ್ಗೆ ತಿಂಡಿಗೆ ಮೊದಲು ಇನ್ನೊಂದು ಸಣ್ಣ ಸ್ನಾನ ಮಾಡಿ. ಅನೇಕ ರ್ಯೋಕಾನ್‌ಗಳಲ್ಲಿ ರಾತ್ರಿ ಗಂಡಸರಿಗಿದ್ದ ಕೊಳ ಬೆಳಿಗ್ಗೆ ಹೆಂಗಸರಿಗೆ ಬದಲಾಗುತ್ತದೆ. ಎಲ್ಲರಿಗೂ ಎರಡೂ ಸಿಗಲಿ ಅಂತ. ಅರೆನಿದ್ದೆಯಲ್ಲಿ ನಡೆದುಹೋಗುವಾಗ ಪರದೆಯನ್ನು ಮತ್ತೆ ನೋಡಿಕೊಳ್ಳಿ. ವಾಪಸ್ ಬಸ್ಸಿನ ಸಮಯ ಹಿಂದಿನ ಸಂಜೆಯೇ ಕೌಂಟರಿನಲ್ಲಿ ಕೇಳಿಟ್ಟುಕೊಳ್ಳಿ. ಸ್ಟೇಷನ್‌ವರೆಗೆ ತಮ್ಮದೇ ವ್ಯಾನಿನಲ್ಲಿ ಬಿಟ್ಟುಬರುವ ರ್ಯೋಕಾನ್‌ಗಳೂ ಇವೆ, ಅದಕ್ಕೆ ಮೊದಲೇ ಹೆಸರು ಕೊಟ್ಟಿರಬೇಕು.